ಸೀಟಿನ ಕಷ್ಟಕ್ಕೂ ಅಳತೆಗೋಲು ಇದೆಯಾ?

ಪ್ರಶ್ನೆ: ಸರ್, ಕಲಬುರಗಿಯಿಂದ ಬೆಂಗಳೂರಿಗೆ ಮೊದಲ ಸಲ ವಿಮಾನದಲ್ಲಿ ಹೋದೆ. ಮೊಣಕಾಲು ಮುಂದಿನ ಸೀಟಿಗೆ ಒತ್ತಿ ಸಾಕಾಯಿತು. ಈ ಕಷ್ಟವನ್ನು ಯಾರಾದರೂ ಅಳೆಯುತ್ತಾರಾ?
– ಓದುಗರೊಬ್ಬರು, ಶಹಾಬಾದ್

ಉತ್ತರ: ಅಳೆಯುತ್ತಾರೆ ನೋಡ್ರಿ. ನಾನು ಆರಡಿ ಆಳು, ನಿಮ್ಮ ಮೊಣಕಾಲಿನ ಸಂಕಟ ನನಗೂ ಗೊತ್ತು. ಒಂದು ಸೀಟಿನಿಂದ ಮುಂದಿನ ಸೀಟಿನ ಅದೇ ಜಾಗಕ್ಕೆ ಇರುವ ದೂರಕ್ಕೆ ‘ಪಿಚ್’ ಅಂತಾರೆ. ಅಗ್ಗದ ಟಿಕೆಟಿನ ವಿಮಾನಗಳಲ್ಲಿ ಅದು ಸುಮಾರು 28ರಿಂದ 30 ಇಂಚು. ಅದರಲ್ಲೇ ಬೆನ್ನಿನ ದಿಂಬಿನ ದಪ್ಪವೂ ಸೇರಿದೆ, ಕಾಲಿಗೆ ಸಿಗುವುದು ಇನ್ನೂ ಕಡಿಮೆ.

ಆದರೆ ನೋವು ಬರೀ ಇಂಚಿನ ಲೆಕ್ಕ ಅಲ್ಲ, ಅಲ್ವಾ? ಅದಕ್ಕೇ ಕೂತವರನ್ನೇ ಕೇಳುತ್ತಾರೆ. 1976ರಲ್ಲಿ ಕಾರ್ಲೆಟ್ ಮತ್ತು ಬಿಷಪ್ ಎಂಬ ಸಂಶೋಧಕರು ಮೈಯ ಚಿತ್ರವನ್ನು ಭಾಗ ಮಾಡಿ, ಎಲ್ಲಿ ಎಷ್ಟು ನೋವು ಎಂದು ಗುರುತು ಹಾಕಿಸುವ ಕ್ರಮ ತಂದರು. ಕತ್ತು, ಸೊಂಟ, ತೊಡೆ ಎಲ್ಲಕ್ಕೂ ಬೇರೆ ಅಂಕ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾರೆ. ಅದೇ ಮುಖ್ಯ. ಅಂಗಡಿಯಲ್ಲಿ ಐದು ನಿಮಿಷ ಕೂತರೆ ಎಲ್ಲ ಕುರ್ಚಿಯೂ ಚೆಂದವೇ.

ಸೀಟಿನ ಮೇಲೆ ಸೆನ್ಸರ್ ಚಾಪೆ ಹಾಸಿ, ಭಾರ ಎಲ್ಲಿ ಬೀಳುತ್ತದೆ ಎಂದೂ ನೋಡುತ್ತಾರೆ. ಜಾಸ್ತಿ ಒತ್ತಡ ಇದ್ದ ಜಾಗ ಕಂಪ್ಯೂಟರ್ ಪರದೆಯಲ್ಲಿ ಕೆಂಪಾಗಿ ಕಾಣುತ್ತದೆ. ನಿಮ್ಮ ಮೊಣಕಾಲಿನ ಮಾತು ಮಾತ್ರ ಆ ಚಾಪೆಗೆ ಕೇಳಿಸುವುದಿಲ್ಲ. ಮುಂದಿನ ಸಲ ಕಾಲಿಗೆ ಸಾಮಾನ್ಯವಾಗಿ ಜಾಸ್ತಿ ಜಾಗ ಇರುವ ತುರ್ತು ಬಾಗಿಲಿನ ಸಾಲು ಕೇಳಿ ನೋಡಿ.