ಬಿದರಿ ಅಂಗಡಿಗೆ ಹೊರಗಿನ ಲಿಂಕ್ ತರುವುದು ಹೇಗೆ?

ಪ್ರಶ್ನೆ: ನಮ್ಮದು ಬಿದರಿ ಸಾಮಾನು ಮಾರುವ ಆನ್‌ಲೈನ್ ಅಂಗಡಿ. ಇಂಗ್ಲಿಷಿನಲ್ಲಿ ಗೂಗಲ್ ಮಾಡಿದರೆ ಅಮೆರಿಕ, ಬ್ರಿಟನ್ ಸೈಟುಗಳೇ ಮೇಲೆ ಬರುತ್ತವೆ. ಬೇರೆ ಸೈಟುಗಳು ನಮಗೆ ಲಿಂಕ್ ಕೊಡುವಂತೆ ಮಾಡುವುದು ಹೇಗೆ?
– ಓದುಗರು, ಬೀದರ್

ಉತ್ತರ: ಬೇರೆ ಒಳ್ಳೆಯ ಸೈಟುಗಳು ಲಿಂಕ್ ಕೊಟ್ಟರೆ ಗೂಗಲ್‌ನಲ್ಲಿ ನಿಮ್ಮ ಪುಟ ಮೇಲೆ ಬರಲು ಬಲ ಸಿಗುತ್ತದೆ. ಆದರೆ ಹೂದಾನಿಯ ಬೆಲೆ ಇರುವ ಪುಟಕ್ಕೆ ಯಾರೂ ಸುಮ್ಮನೆ ಲಿಂಕ್ ಕೊಡುವುದಿಲ್ಲ, ಮಾಹಿತಿಗೆ ಕೊಡುತ್ತಾರೆ. ಕೆಲಸ ನಡೆಯುವುದು ನಿಮ್ಮ ಊರಿನಲ್ಲೇ, ಅದೇ ನಿಮ್ಮ ಬಲ. ಮೊದಲು ಇಂಗ್ಲಿಷಿನಲ್ಲಿ ಒಂದು ಗಟ್ಟಿ ಪುಟ ಮಾಡಿ: ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವುದು, ಉಜ್ಜಿ ನಯವಾದ ಮೈಗೆ ಮೈಲುತುತ್ತ ಸವರಿ ಗೆರೆ ಕಾಣುವಂತೆ ಮಾಡುವುದು, ಉಳಿಯಲ್ಲಿ ಕೊರೆದ ಜಾಗಕ್ಕೆ ಬೆಳ್ಳಿ ತಂತಿ ಬಡಿಯುವುದು, ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿ ನೀರಿನಲ್ಲಿ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುವುದು. ಪ್ರತಿ ಹಂತಕ್ಕೂ ನಿಮ್ಮದೇ ಫೋಟೊ ಇರಲಿ. ಉಜ್ಜುವ ಪಾಲಿಶ್ ಹಾಕಿದರೆ ಕಪ್ಪು ಹೋಗುತ್ತದೆ, ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂಬುದನ್ನೂ ಬರೆಯಿರಿ. ಕೊಂಡವರು ಹುಡುಕುವುದು ಇದನ್ನೇ. ಈ ಪುಟದಿಂದ ನಾಲ್ಕೈದು ಮುಖ್ಯ ಸಾಮಾನುಗಳ ಪುಟಕ್ಕೆ ಒಳಲಿಂಕ್ ಕೊಟ್ಟರೆ ಇಲ್ಲಿಗೆ ಬಂದ ಬಲ ಅಲ್ಲಿಗೂ ಹರಿಯುತ್ತದೆ.

ಇನ್ನು ಕೇಳುವುದು ಯಾರನ್ನು? ಎಲ್ಲಕ್ಕಿಂತ ಸುಲಭ, ನಿಮ್ಮಿಂದ ಸಗಟಾಗಿ ಕೊಳ್ಳುವ ಹೊರದೇಶದ ಅಂಗಡಿಗಳು: ಅವರ ಸೈಟಿನಲ್ಲಿ ತಯಾರಕರ ಹೆಸರಿನ ಮೇಲೆ ಲಿಂಕ್ ಹಾಕಲು ಹೇಳಿ. ನಿಮ್ಮ ಅಂಗಡಿಯ ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಹೆಸರಿದ್ದು ಲಿಂಕ್ ಇಲ್ಲದ ಪುಟಗಳು ಸಿಗುತ್ತವೆ. ಫೋಟೊಗಳನ್ನು ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿದರೆ ಕೇಳದೇ ಬಳಸಿದವರೂ ಸಿಗುತ್ತಾರೆ. ಅವರ ಜೊತೆ ಜಗಳ ಬೇಡ, ಫೋಟೊ ಕೆಳಗೆ ಕೃಪೆ ಎಂದು ಲಿಂಕ್ ಕೇಳಿ. ಮನೆ ಅಲಂಕಾರ, ಹಳೆಯ ಲೋಹದ ವಸ್ತುಗಳ ಬಗ್ಗೆ ಬರೆಯುವವರಿಗೆ ಒಬ್ಬೊಬ್ಬರಿಗೇ ಬೇರೆ ಬೇರೆ ಮೇಲ್ ಕಳಿಸಿ. ಐದಾರು ಸಾಲು ಸಾಕು: ಅವರ ಯಾವ ಪುಟದಲ್ಲಿ ಯಾವ ವಿಷಯ ಬಿಟ್ಟಿದೆ, ನಿಮ್ಮ ಯಾವ ಪುಟ ಅದನ್ನು ತುಂಬುತ್ತದೆ. ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ಕೈಕೆಲಸದ ಅಂಗಡಿಗಳು ಹೆಚ್ಚು ಎಡವುವುದು ಒಂದು ಕಡೆ. ಒಂದೇ ಒಂದು ಇದ್ದ ಹುಕ್ಕಾ ಮಾರಾಟವಾದ ತಕ್ಷಣ ಪುಟ ಅಳಿಸುತ್ತಾರೆ. ಅದಕ್ಕೆ ಬಂದಿದ್ದ ಲಿಂಕೆಲ್ಲ 404ಕ್ಕೆ, ಅಂದರೆ ‘ಪುಟ ಸಿಗಲಿಲ್ಲ’ ಎಂಬಲ್ಲಿಗೆ, ಹೋಗಿ ಬೀಳುತ್ತದೆ. ಪುಟ ಉಳಿಸಿ, ‘ಮಾರಾಟವಾಗಿದೆ, ಇಂಥವೇ ಇಲ್ಲಿವೆ’ ಎಂದು ಹಾಕಿ. ಅಳಿಸಲೇಬೇಕಾದರೆ ಅದೇ ಬಗೆಯ ಸಾಮಾನಿನ ಪುಟಕ್ಕೆ 301 (ಹಳೆಯ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಬೇರೆ ಪುಟಕ್ಕೆ ತಿರುಗಿಸುವ ಸೂಚನೆ) ಕೊಡಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಬೇಡಿ, ಗೂಗಲ್ ಅದನ್ನೂ 404 ಎಂದೇ ಎಣಿಸಬಹುದು. ಯಾವ ಪುಟಕ್ಕೆ ಎಷ್ಟು ಲಿಂಕ್ ಇದೆ ಎಂಬುದು ಸೈಟಿನ ಮಾಲೀಕರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ‘ಲಿಂಕ್ಸ್’ ವಿಭಾಗದಲ್ಲಿ ಉಚಿತವಾಗಿ ಸಿಗುತ್ತದೆ. ಅಳಿಸುವ ಮೊದಲು ಅಲ್ಲಿ ನೋಡಿ.

ನಿಮ್ಮ ವಿಳಾಸದ ಕೊನೆಗೆ ಡಾಟ್ ಇನ್ ಇದ್ದರೆ ಗೂಗಲ್ ಅದನ್ನು ಭಾರತದ ಗಿರಾಕಿಗಳ ಸೈಟು ಎಂದು ತಿಳಿಯುತ್ತದೆ. ಹೊರದೇಶವೇ ಗುರಿಯಾದರೆ ಡಾಟ್ ಕಾಮ್ ಒಳ್ಳೆಯದು.

ಪ್ರಶ್ನೆ: ತೊಗರಿಬೇಳೆ ಮಾರುವ ನಮ್ಮ ಸೈಟಿಗೆ 500 ಲಿಂಕ್ ಹಾಕಿಸಿಕೊಡುತ್ತೇವೆ, ದುಡ್ಡು ಕೊಡಿ ಎನ್ನುತ್ತಿದ್ದಾರೆ. ಕೊಡಬಹುದೇ?
– ಓದುಗರು, ಕಲಬುರಗಿ

ಉತ್ತರ: ಬೇಡ. ರ‍್ಯಾಂಕಿಗಾಗಿ ಲಿಂಕ್ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ಇಂಥ ಲಿಂಕುಗಳನ್ನು ಹಿಡಿಯಲು ಗೂಗಲ್ ತಂದ 2012ರ ಪೆಂಗ್ವಿನ್ ಅಪ್‌ಡೇಟ್ ಬಂದಾಗಿನಿಂದ ಇಂಥ ಸೈಟುಗಳು ಕೆಳಗೆ ಬಿದ್ದಿವೆ. ಈಗ ಬಹುಪಾಲು ಇಂಥ ಲಿಂಕುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಂದರೆ ದುಡ್ಡು ನೀರಿಗೆ. ಈಗಾಗಲೇ ಕೊಂಡಿದ್ದರೆ ಸರ್ಚ್ ಕನ್ಸೋಲ್‌ನಲ್ಲಿ ಗೂಗಲ್ ಸಿಬ್ಬಂದಿ ಕೈಗೊಂಡ ಕ್ರಮ ತೋರಿಸುವ ‘ಮ್ಯಾನುಯಲ್ ಆಕ್ಷನ್ಸ್’ ನೋಡಿ. ಎಚ್ಚರಿಕೆ ಬಂದಿದ್ದರೆ ಮೊದಲು ಆ ಲಿಂಕುಗಳನ್ನು ತೆಗೆಸಿ. ತೆಗೆಯದೇ ಉಳಿದವನ್ನು ಮಾತ್ರ ‘ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಎಂದು ಗೂಗಲ್‌ಗೆ ಕೊಡುವ ಡಿಸ್‌ಅವೋ ಫೈಲಿಗೆ ಸೇರಿಸಿ, ಮರುಪರಿಶೀಲನೆಗೆ ಅರ್ಜಿ ಹಾಕಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಆ ಬೇಳೆ ಬೇಯುವ ಹೊತ್ತು, ನೀರಿನ ಅಳತೆ, ಅಸಲಿ ಗುರುತಿಸುವ ಬಗೆ ಬರೆದ ಪುಟಕ್ಕೆ ಅಡುಗೆ ಬರಹಗಾರರು ದುಡ್ಡಿಲ್ಲದೇ ಲಿಂಕ್ ಕೊಡುತ್ತಾರೆ. ಅವರಿಗೆ ಬೇಳೆ ಪ್ಯಾಕೆಟ್ ಉಚಿತವಾಗಿ ಕಳಿಸಿ ಬರೆಸಿದರೆ ಮಾತ್ರ ಆ ಲಿಂಕಿಗೆ ‘ಸ್ಪಾನ್ಸರ್ಡ್’ (ಪ್ರಾಯೋಜಿತ) ಗುರುತು ಹಾಕಲು ಹೇಳಿ.