ಪ್ರತಿಕ್ರಿಯೆ: ಹಳೆಯ ಅಂಕಣದ ‘ಪಿ–ಕೆ4’ ಮುದ್ರಣದೋಷವೇ?

ಉಡುಪಿಯ ತಮ್ಮ ಮನೆಯ ಅಟ್ಟದಲ್ಲಿ ಸಿಕ್ಕಿದ ಇಂಗ್ಲಿಷ್ ಪತ್ರಿಕೆಯ ಚದುರಂಗ ಅಂಕಣದಲ್ಲಿ ಬಿಳಿ ಮತ್ತು ಕಪ್ಪು, ಎರಡರ ಮೊದಲ ನಡೆಯೂ ‘ಪಿ–ಕೆ4’ ಎಂದಿರುವುದು ಮುದ್ರಣದೋಷವೇ ಎಂದು ಕೇಳಿದ್ದೀರಿ. ಅಲ್ಲ. ‘ಪಿ–ಕೆ4’ ಎಂದರೆ ಪದಾತಿ (ಪಿ) ರಾಜನ (ಕೆ) ಸಾಲಿನ ನಾಲ್ಕನೆಯ ಮನೆಗೆ ಹೋಯಿತು ಎಂದರ್ಥ. ನಡೆಗಳನ್ನು ಬರೆಯುವ ಆ ಹಳೆಯ ಪದ್ಧತಿಯಲ್ಲಿ ಪ್ರತಿ ಆಟಗಾರನೂ ಮನೆಗಳನ್ನು ತನ್ನ ಕಡೆಯಿಂದಲೇ ಎಣಿಸುತ್ತಿದ್ದುದರಿಂದ, ಬಿಳಿಯದು ಇಂದಿನ ಪದ್ಧತಿಯಲ್ಲಿ (ಸಾಲಿಗೆ ಎಯಿಂದ ಎಚ್‌ವರೆಗಿನ ಅಕ್ಷರ, ಮನೆಗೆ ಬಿಳಿಯ ಕಡೆಯಿಂದ ಎಣಿಸಿದ ಅಂಕಿ) ಇ4 ಆದರೆ ಕಪ್ಪಿನದು ಇ5 ಆಗುತ್ತದೆ. ‘ಕೆಟಿ’ ಎಂದರೆ ಕುದುರೆ, ‘ಬಿ’ ಎಂದರೆ ಬಿಷಪ್. ಮೂರನೆಯ ನಡೆ ‘ಬಿ–ಕೆಟಿ5’ ಎಂಬಲ್ಲಿ ರಾಜನ ಕಡೆಯ ಕುದುರೆಯ ಸಾಲೋ ರಾಣಿಯ ಕಡೆಯದೋ ಎಂದು ಬರೆದಿಲ್ಲ, ಏಕೆಂದರೆ ಬರೆಯುವ ಅಗತ್ಯವೇ ಇಲ್ಲ: ಎಫ್1ರಿಂದ ಹೊರಡುವ ಬಿಷಪ್ ಬಿಳಿ ಮನೆಗಳಲ್ಲಷ್ಟೇ ಚಲಿಸುವುದರಿಂದ ಬಿ5ಕ್ಕೆ ಹೋಗಬಲ್ಲದೇ ಹೊರತು ಕಪ್ಪು ಮನೆಯಾದ ಜಿ5ಕ್ಕೆ ಹೋಗಲಾರದು. ಇಂತಹ ಮಿತವ್ಯಯ ಜಾಗದ ಅಭಾವವಿದ್ದ ಅಂಕಣಕಾರರಿಗೆ ಒಗ್ಗಿಹೋಗಿತ್ತು. ಆದರೆ ಅಚ್ಚಿನ ತಪ್ಪುಗಳೂ ನುಸುಳುತ್ತಿದ್ದವು. ಹಲಗೆಯ ಮೇಲೆ ಆಡುತ್ತಾ ಹೋಗಿ, ಅಸಾಧ್ಯವಾದ ನಡೆ ಎದುರಾದರೆ ಮೊದಲು ‘ಕೆ’ (ರಾಜ) ಮತ್ತು ‘ಕ್ಯೂ’ (ರಾಣಿ) ಅದಲುಬದಲಾಗಿವೆಯೇ ಎಂದು ಪರೀಕ್ಷಿಸಿ.

ನಿಮ್ಮ ಪತ್ರಿಕೆಯ ತುಣುಕಿನಲ್ಲಿ ಕಾಣುವ ‘ಸುಲ್ತಾನ್ ಖಾನ್’ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ ಮೀರ್ ಸುಲ್ತಾನ್ ಖಾನ್ ಆಗಿದ್ದರೆ ಕಾಲನಿರ್ಣಯ ಸುಲಭ. ಅವರ ಅನೇಕ ಆಟಗಳು ಅಂತರ್ಜಾಲದ ಸಂಗ್ರಹಗಳಲ್ಲಿವೆ. ಎದುರಾಳಿಯ ಹೆಸರಿನಿಂದ ಹುಡುಕಿದರೆ ತುಣುಕಿನಲ್ಲಿ ಹರಿದುಹೋದ ಕೊನೆಯ ನಡೆಗಳೂ ದೊರೆಯಬಹುದು.