ಏರಿದ ಸಿಆರ್‌ಪಿ, ಹೊಟ್ಟೆಯೊಳಗಿನ ಉರಿಯೂತ: ಓದುಗರ ಪ್ರಶ್ನೆಗಳಿಗೆ ಶಸ್ತ್ರಚಿಕಿತ್ಸಾ ತಜ್ಞರ ಉತ್ತರ

ಪ್ರಶ್ನೆ: ನನ್ನ ತಮ್ಮನಿಗೆ 31 ವರ್ಷ. ಹೊಟ್ಟೆನೋವು ಬಂದಾಗ ಗ್ಯಾಸ್ಟ್ರಿಕ್ ಇರಬೇಕೆಂದು ಎರಡು ದಿನ ಸುಮ್ಮನಿದ್ದೆವು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅಪೆಂಡಿಕ್ಸ್ ಒಡೆದಿತ್ತು. ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆಯಲ್ಲಿ ಆಪರೇಷನ್‌ಗೆ ಮುಂಚೆ 140 ಇದ್ದದ್ದು ಮರುದಿನ 215ಕ್ಕೆ ಏರಿತು. ಕೆಟ್ಟದ್ದನ್ನು ತೆಗೆದ ಮೇಲೂ ಉರಿಯೂತ ಹೆಚ್ಚುವುದೇಕೆ? ಡಾಕ್ಟರು ‘ಕಾದು ನೋಡೋಣ’ ಎನ್ನುತ್ತಿದ್ದಾರೆ. ಉರಿಯೂತ ಉಂಟುಮಾಡುವ ಅಣುಗಳನ್ನು ತಡೆಯುವ ಇಂಜೆಕ್ಷನ್ ಕೊಡಬಾರದೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ತಮ್ಮನ ವೈದ್ಯರು ಕಾಯೋಣ ಎಂದದ್ದು ಅಸಡ್ಡೆಯಿಂದಲ್ಲ. ಸಿಆರ್‌ಪಿ ಹೊಟ್ಟೆಯ ಕೀವಿನಲ್ಲಿ ಹುಟ್ಟುವ ವಸ್ತುವಲ್ಲ. ಕೀವಿನ ಸುದ್ದಿ ರಕ್ತದ ಮೂಲಕ ಯಕೃತ್ತಿಗೆ ಮುಟ್ಟಿದ ಮೇಲೆ ಯಕೃತ್ತು ತಯಾರಿಸುವ ಪ್ರೋಟೀನ್. ಅಪೆಂಡಿಕ್ಸ್ ಒಡೆದು ಮಲದ ಬ್ಯಾಕ್ಟೀರಿಯಾಗಳು ಹೊಟ್ಟೆಯ ಒಳಪೊರೆಯಾದ ಪೆರಿಟೋನಿಯಂ ಮೇಲೆ ಬಿದ್ದೊಡನೆ, ಅಲ್ಲಿ ಸದಾ ಕಾವಲಿರುವ ಮ್ಯಾಕ್ರೋಫೇಜ್ ಕೋಶಗಳು ಅವುಗಳ ಹೊರಕವಚದ ಗುರುತು ಹಿಡಿದು, ಒಂದೆರಡು ಗಂಟೆಯೊಳಗೆ ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-1 ಎಂಬ ಸಂದೇಶದ ಅಣುಗಳನ್ನು ಹೊರಬಿಡುತ್ತವೆ. ಇಂಟರ್‌ಲ್ಯೂಕಿನ್-8 ರಕ್ತದಲ್ಲಿರುವ ಬಿಳಿಕಣಗಳನ್ನು ಆ ಜಾಗಕ್ಕೆ ಕರೆಸಿಕೊಳ್ಳುತ್ತದೆ. ಇಂಟರ್‌ಲ್ಯೂಕಿನ್-6 ಯಕೃತ್ತನ್ನು ತಲುಪಿ ಸಿಆರ್‌ಪಿ ತಯಾರಿಕೆಗೆ ಚಾಲನೆ ಕೊಡುತ್ತದೆ. ಹೀಗೆ ಸುತ್ತಿ ಬರುವ ಕಾರಣ ಸಿಆರ್‌ಪಿ ಏರತೊಡಗಲು 6ರಿಂದ 12 ಗಂಟೆ, ತುತ್ತತುದಿ ಮುಟ್ಟಲು ಸುಮಾರು 48 ಗಂಟೆ ಹಿಡಿಯುತ್ತದೆ.

ಆದ್ದರಿಂದ ಮರುದಿನ ನೀವು ಕಂಡ 215 ಎಂಬುದು ಹಿಂದಿನ ದಿನ ನಡೆದುಹೋದದ್ದರ ಲೆಕ್ಕ. ಅದರ ಜೊತೆಗೆ ಶಸ್ತ್ರಚಿಕಿತ್ಸೆಯೂ ದೇಹದ ಮಟ್ಟಿಗೆ ಒಂದು ಗಾಯವೇ ಆಗಿರುವುದರಿಂದ, ಸೋಂಕಿನ ಸುಳಿವೇ ಇಲ್ಲದ ದೊಡ್ಡ ಆಪರೇಷನ್‌ಗಳ ನಂತರವೂ ಎರಡು ಮೂರು ದಿನ ಇದು ಏರಿಯೇ ಇರುತ್ತದೆ. ಮೂಲ ನಿಂತಿದ್ದರೆ ಆಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧದಷ್ಟು ಇಳಿಯಬೇಕು. ನಾವು ನೋಡುವುದು ಆ ಇಳಿತವನ್ನು. ಕರುಳನ್ನು ಕತ್ತರಿಸಿ ಜೋಡಿಸಿದ ರೋಗಿಗಳಲ್ಲಿ ಮೂರರಿಂದ ಐದನೆಯ ದಿನದ ಹೊತ್ತಿಗೂ ಅದು ಲೀಟರಿಗೆ 150 ಮಿಲಿಗ್ರಾಂ ಆಸುಪಾಸಿನಿಂದ ಕೆಳಗಿಳಿಯದಿದ್ದರೆ ಜೋಡಣೆ ಸೋರುತ್ತಿದೆಯೇ ಎಂದು ಹುಡುಕುತ್ತೇವೆ. ನಿಮ್ಮ ತಮ್ಮನಲ್ಲಿ ಅಂಥ ಜೋಡಣೆ ಇಲ್ಲದಿದ್ದರೂ, ಇಳಿಯತೊಡಗಿದ್ದು ಮತ್ತೆ ಏರಿದರೆ, ಅದರೊಂದಿಗೆ ಜ್ವರ ಬಂದರೆ, ಹೊಟ್ಟೆ ಉಬ್ಬರಿಸಿ ಊಟ ಸೇರದಿದ್ದರೆ, ಕರುಳಿನ ಸುರುಳಿಗಳ ನಡುವೆಯೋ ಕಿಬ್ಬೊಟ್ಟೆಯ ತಳದಲ್ಲೋ ಕೀವು ನಿಂತಿದೆಯೇ ಎಂದು ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ವರದಿ ಓದುವಾಗ ಇನ್ನೊಂದು ಎಚ್ಚರ ಬೇಕು. ಕೆಲವು ಲ್ಯಾಬ್‌ಗಳು ಲೀಟರಿನ ಬದಲು ಡೆಸಿಲೀಟರ್ ಲೆಕ್ಕದಲ್ಲಿ ಬರೆಯುತ್ತವೆ. ಎರಡು ಲ್ಯಾಬ್‌ಗಳ ವರದಿಯನ್ನು ಪಕ್ಕಪಕ್ಕ ಇಟ್ಟು ಹತ್ತು ಪಟ್ಟು ಏರಿತೆಂದೋ ಇಳಿಯಿತೆಂದೋ ಭ್ರಮಿಸಿದವರನ್ನು ನಾನು ಕಂಡಿದ್ದೇನೆ.

ಇನ್ನು ಇಂಜೆಕ್ಷನ್ ಮಾತು. ಇದಕ್ಕೆ ಉತ್ತರಿಸುವ ಮೊದಲು ಆಪರೇಷನ್ ಟೇಬಲ್ಲಿನ ಮೇಲೆ ನಮಗೆ ಕಾಣುವುದನ್ನು ಹೇಳಬೇಕು. ಒಡೆದ ಅಪೆಂಡಿಕ್ಸ್‌ಗೆಂದು ಹೊಟ್ಟೆ ತೆರೆದಾಗ ಅಪೆಂಡಿಕ್ಸ್ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಕರುಳಿನ ಮುಂದೆ ಸೆರಗಿನಂತೆ ಇಳಿಬಿದ್ದಿರುವ ಒಮೆಂಟಂ ಎಂಬ ಕೊಬ್ಬಿನ ಪದರ ಬಲಗಡೆಗೆ ಸರಿದು, ಒಡೆದ ಜಾಗವನ್ನು ಸುತ್ತಿ ಅಂಟಿಕೊಂಡಿರುತ್ತದೆ. ಬೆರಳಿನಿಂದ ಮೆಲ್ಲಗೆ ಬಿಡಿಸುತ್ತ ಹೋದರೆ ಕರುಳಿನ ಮೇಲೆ ಕಾಯಿಸಿಟ್ಟ ಹಾಲಿನ ಕೆನೆಯಂಥ ಹಳದಿ ಮಿಶ್ರಿತ ಬಿಳಿ ಪೊರೆ. ಇಕ್ಕಳದಲ್ಲಿ ಹಿಡಿದೆಳೆದರೆ ಚೂರುಚೂರಾಗಿ ಎದ್ದು ಬರುತ್ತದೆ. ಕೆಳಗೆ ಕರುಳು ಕೆಂಪಗೆ ಊದಿಕೊಂಡು, ಮುಟ್ಟಿದರೆ ರಕ್ತ ಜಿನುಗುವಂತಿರುತ್ತದೆ. ಆ ಪೊರೆ ಫೈಬ್ರಿನ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಎಳೆಯಂಥ ಪ್ರೋಟೀನ್. ಸಾಮಾನ್ಯ ಸ್ಥಿತಿಯಲ್ಲಿ ಪೆರಿಟೋನಿಯಂ ಇಂಥ ಫೈಬ್ರಿನ್ ಅನ್ನು ಕರಗಿಸಿಬಿಡುತ್ತದೆ. ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-1 ಆ ಕರಗಿಸುವ ಶಕ್ತಿಯನ್ನು ತಗ್ಗಿಸುವುದರಿಂದಲೇ ಅದು ಅಲ್ಲಿ ಉಳಿದು ಬ್ಯಾಕ್ಟೀರಿಯಾಗಳನ್ನು ಹೊಟ್ಟೆಯ ತುಂಬ ಹರಡಲು ಬಿಡದೆ ಒಂದೇ ಮೂಲೆಯಲ್ಲಿ ಕಟ್ಟಿಹಾಕುತ್ತದೆ. ಅದೇ ಪೊರೆ ಮುಂದೆ ಗಟ್ಟಿಯಾಗಿ ಕರುಳಿಗೆ ಕರುಳನ್ನು ಅಂಟಿಸಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕರುಳು ಕಟ್ಟಿಕೊಳ್ಳಲು ಕಾರಣವಾಗಬಹುದು. ಜೀವ ಉಳಿಸಿದ ಅಣುಗಳೇ ಈ ತೊಂದರೆಯನ್ನೂ ಬಿಟ್ಟುಹೋಗುತ್ತವೆ.

ಈ ಅಣುಗಳು ಹೊಟ್ಟೆಯ ಮೂಲೆಯಲ್ಲಿ ಉಳಿದಷ್ಟು ಕಾಲ ಕಾವಲುಗಾರರು. ರಕ್ತಕ್ಕೆ ಹೇರಳವಾಗಿ ಹರಿದಾಗ ಅಪಾಯ. ಪೆರಿಟೋನಿಯಂ ಅನ್ನು ಬಿಡಿಸಿ ಹರಡಿದರೆ ಹೆಚ್ಚುಕಡಿಮೆ ಮೈಚರ್ಮದಷ್ಟೇ ಅಗಲವಾಗುತ್ತದೆ. ಅಷ್ಟೂ ಉರಿದಾಗ ರಕ್ತನಾಳಗಳು ಸಡಿಲಗೊಂಡು ಸೋರತೊಡಗುತ್ತವೆ, ಲೀಟರುಗಟ್ಟಲೆ ನೀರಿನಂಶ ಹೊಟ್ಟೆಯೊಳಗೂ ಕರುಳಿನೊಳಗೂ ಇಳಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಇದೇ ಸೆಪ್ಸಿಸ್.

ಹಾಗಾದರೆ ಟಿಎನ್‌ಎಫ್ ಅನ್ನೇ ತಡೆದರೆ? ವೈದ್ಯವಿಜ್ಞಾನ ಈ ಆಸೆಯನ್ನು ಬಹಳ ಗಂಭೀರವಾಗಿಯೇ ಬೆನ್ನಟ್ಟಿತು. 1987ರಲ್ಲಿ ಬಬೂನ್ ಕೋತಿಗಳಿಗೆ ಟಿಎನ್‌ಎಫ್ ವಿರೋಧಿ ಪ್ರತಿಕಾಯವನ್ನು ಮೊದಲೇ ಕೊಟ್ಟು, ಆಮೇಲೆ ರಕ್ತಕ್ಕೆ ನೇರವಾಗಿ ಬ್ಯಾಕ್ಟೀರಿಯಾ ಹಾಯಿಸಿದಾಗ ಅವು ಬದುಕಿದವು. ಆದರೆ ರೋಗಿಗಳ ಸೋಂಕು ಹಾಗೆ ಬರುವುದಿಲ್ಲ. 1990ರಲ್ಲಿ ಇಲಿಗಳ ಕರುಳಿಗೆ ತೂತು ಮಾಡಿ, ಮನುಷ್ಯರ ಪೆರಿಟೋನೈಟಿಸ್ (ಪೆರಿಟೋನಿಯಂನ ಉರಿಯೂತ) ಅನ್ನು ಹೋಲುವ ಸ್ಥಿತಿ ಉಂಟುಮಾಡಿ ಅದೇ ಬಗೆಯ ಪ್ರತಿಕಾಯ ಕೊಟ್ಟಾಗ, ಚೇತರಿಸಿಕೊಳ್ಳಬೇಕಿದ್ದ ಇಲಿಗಳೇ ಸತ್ತವು. 1996ರಲ್ಲಿ ಸೆಪ್ಸಿಸ್‌ನ 141 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಟಿಎನ್‌ಎಫ್ ಅನ್ನು ಹೀರುವ ಔಷಧಿಯ ಪ್ರಮಾಣ ಹೆಚ್ಚಿಸಿದಂತೆ ಸಾವೂ ಹೆಚ್ಚಿತು: ಔಷಧಿ ಪಡೆಯದವರಲ್ಲಿ ಶೇ 30, ಅತಿ ಹೆಚ್ಚು ಪಡೆದವರಲ್ಲಿ ಶೇ 53. ಆ ಜಾತಿಯ ಔಷಧಿಗಳು ಸಂಧಿವಾತಕ್ಕೂ ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಗೂ ಇಂದು ವರವಾಗಿವೆ. ಕೀವು ತುಂಬಿದ ಹೊಟ್ಟೆಗಲ್ಲ. ಹೊಟ್ಟೆಯ ಸೋಂಕಿನಲ್ಲಿ ಈ ಅಣುಗಳನ್ನು ತಗ್ಗಿಸುವ ನಂಬಿಕಸ್ತ ದಾರಿ, ಅವು ಹುಟ್ಟಲು ಕಾರಣವಾದ ತೂತನ್ನು ಮುಚ್ಚಿ, ಕೀವನ್ನು ಹೊರತೆಗೆಯುವುದು. ಅದು ನಿಮ್ಮ ತಮ್ಮನಿಗೆ ಆಗಿದೆ.

ಸಿಆರ್‌ಪಿ ಸಂಪೂರ್ಣ ಸಹಜವಾಗುವವರೆಗೂ ಆ್ಯಂಟಿಬಯಾಟಿಕ್ ಮುಂದುವರಿಸಿ ಎಂದು ಒತ್ತಾಯಿಸುವ ಅಗತ್ಯವೂ ಇಲ್ಲ. 2015ರಲ್ಲಿ ಪ್ರಕಟವಾದ, 518 ರೋಗಿಗಳನ್ನೊಳಗೊಂಡ ಅಧ್ಯಯನವೊಂದರಲ್ಲಿ, ಸೋಂಕಿನ ಮೂಲವನ್ನು ಸರಿಯಾಗಿ ತೆಗೆದ ಬಳಿಕ ಸುಮಾರು ನಾಲ್ಕು ದಿನ ಔಷಧಿ ಪಡೆದವರೂ, ಎಂಟು ದಿನದ ಆಸುಪಾಸು ಪಡೆದವರೂ ಸಮನಾಗಿಯೇ ಚೇತರಿಸಿಕೊಂಡರು.

ಪ್ರಶ್ನೆ: ನಮ್ಮ ಯಜಮಾನರು ಬೈಕಿನಿಂದ ಬಿದ್ದಾಗ ಹ್ಯಾಂಡಲ್ ಹೊಟ್ಟೆಗೆ ಬಡಿಯಿತು. ಹೊರಗೆ ಒಂದು ತರಚು ಗಾಯವೂ ಇರಲಿಲ್ಲ. ಎರಡನೆಯ ದಿನ ಜ್ವರ, ಏದುಸಿರು. ‘ಸೋಂಕಿಲ್ಲ, ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿ ಉರಿಯೂತ ಬಂದಿದೆ’ ಎಂದರು. ಸೋಂಕಿಲ್ಲದೆ ಜ್ವರ ಬರುತ್ತದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬರುತ್ತದೆ. ಜಜ್ಜಿಹೋದ ಜೀವಕೋಶದೊಳಗಿನ ವಸ್ತುಗಳು ಹೊರಗೆ ಚೆಲ್ಲಿದಾಗಲೂ ನಮ್ಮ ಮ್ಯಾಕ್ರೋಫೇಜ್‌ಗಳು ಅದೇ ಕರೆಗಂಟೆ ಬಾರಿಸುತ್ತವೆ. ಇದರಲ್ಲಿ ಮೈಟೊಕಾಂಡ್ರಿಯಾದ ಪಾತ್ರ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಈ ಅಂಗಗಳು ಕೋಟ್ಯಂತರ ವರ್ಷಗಳ ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು. ಅವುಗಳ ಡಿಎನ್‌ಎ ಇವತ್ತಿಗೂ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹೋಲುತ್ತದೆ. ಪೆಟ್ಟು ಬಿದ್ದವರ ರಕ್ತದಲ್ಲಿ ಈ ಡಿಎನ್‌ಎ ತೇಲುತ್ತಿರುವುದನ್ನೂ, ಬಿಳಿಕಣಗಳು ಅದನ್ನು ಬ್ಯಾಕ್ಟೀರಿಯಾ ಎಂದೇ ಬಗೆದು ಕೆರಳುವುದನ್ನೂ 2010ರಲ್ಲಿ ಸಂಶೋಧಕರು ತೋರಿಸಿದರು. ಹಾಗೆ ಕೆರಳಿದ ಕಣಗಳು ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಅವನ್ನು ಸೋರುವಂತೆ ಮಾಡುವುದರಿಂದ ಹೊಟ್ಟೆಯ ಪೆಟ್ಟು ಏದುಸಿರಾಗಿ ಕಾಣಿಸಿಕೊಳ್ಳುತ್ತದೆ.

ಬೈಕಿನ ಹ್ಯಾಂಡಲ್ ಹೊಟ್ಟೆಗೆ ಒತ್ತಿದಾಗ ಮೇದೋಜೀರಕ ಗ್ರಂಥಿಯು ಹಿಂದಿನ ಬೆನ್ನುಮೂಳೆಗೆ ಒರಗಿ ನಜ್ಜುಗುಜ್ಜಾಗಬಹುದು. ಆಗ ಆಹಾರ ಅರಗಿಸಲೆಂದು ಇರುವ ಅದರ ರಸ ಸುತ್ತಲಿನ ಅಂಗಾಂಶವನ್ನೇ ಅರಗಿಸತೊಡಗಿ ಉರಿಯೂತವನ್ನು ಇನ್ನಷ್ಟು ಏರಿಸುತ್ತದೆ. ಆದರೂ ಒಂದು ಮಾತು: ಇಂಥ ಪೆಟ್ಟಿನಲ್ಲಿ ಕರುಳಿನ ಸಣ್ಣ ಹರಕು ಮೊದಲ ಸ್ಕ್ಯಾನ್‌ನಲ್ಲಿ ಕಾಣದೆ ಒಂದೆರಡು ದಿನ ಅಡಗಿರುವುದುಂಟು. ನೋವು ಹೆಚ್ಚುತ್ತ ಹೋದರೆ, ಹೊಟ್ಟೆ ಹಲಗೆಯಂತೆ ಬಿಗಿಯಾದರೆ, ಸ್ಕ್ಯಾನ್ ಮತ್ತೊಮ್ಮೆ ಬೇಕೇ ಎಂದು ಕೇಳಲು ಸಂಕೋಚಪಡಬೇಡಿ.

ಪ್ರಶ್ನೆ: ನಮ್ಮ ತಾಯಿ ಸಂಧಿವಾತಕ್ಕೆ ವರ್ಷಗಳಿಂದ ಸ್ಟೀರಾಯ್ಡ್ ಮಾತ್ರೆ, ನೋವಿನ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೊಟ್ಟೆನೋವು ಬಂದಾಗ ಜ್ವರವಿಲ್ಲದಿದ್ದರೆ ಮನೆಯಲ್ಲೇ ಕಾಯಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಅವರ ವಿಷಯದಲ್ಲಿ ಕಾಯಬೇಡಿ. ಜ್ವರ ಮತ್ತು ನೋವು ಬಹುಮಟ್ಟಿಗೆ ಪ್ರೊಸ್ಟಾಗ್ಲಾಂಡಿನ್ ಎಂಬ ಅಣುವಿನಿಂದ ಬರುವಂಥವು. ಅದರ ತಯಾರಿಕೆಯನ್ನು ನೋವಿನ ಮಾತ್ರೆ ತಡೆಯುತ್ತದೆ, ಟಿಎನ್‌ಎಫ್, ಇಂಟರ್‌ಲ್ಯೂಕಿನ್‌ನಂಥ ಸಂದೇಶದ ಅಣುಗಳಾದ ಸೈಟೋಕೈನ್‌ಗಳನ್ನು ಸ್ಟೀರಾಯ್ಡ್ ಅಡಗಿಸುತ್ತದೆ. ಹಾಗಾಗಿ ಕರುಳು ತೂತಾಗಿದ್ದರೂ ಜ್ವರ ಬಾರದಿರಬಹುದು, ಹೊಟ್ಟೆ ಮೆತ್ತಗೇ ಇರಬಹುದು. ಜಠರದ ಒಳಗೋಡೆಯನ್ನು ಕಾಪಾಡುವುದೂ ಪ್ರೊಸ್ಟಾಗ್ಲಾಂಡಿನ್‌ಗಳೇ ಆದ್ದರಿಂದ, ಡೈಕ್ಲೋಫೆನಾಕ್‌ನಂಥ ಮಾತ್ರೆಗಳಿಂದ ಹುಣ್ಣಾಗಿ ಅದು ಒಡೆಯುವ ಸಂಭವವೂ ಇಂಥವರಲ್ಲಿ ಹೆಚ್ಚು. ಆಸ್ಪತ್ರೆಯಲ್ಲಿ ಪರೀಕ್ಷೆ ನಡೆಯುವಾಗ ವೈದ್ಯರು ನೋವು ತಗ್ಗಿಸಲು ಇಂಜೆಕ್ಷನ್ ಕೊಟ್ಟರೆ ತಪ್ಪಿಲ್ಲ, ಅದರಿಂದ ರೋಗಪತ್ತೆ ಕೆಡುವುದಿಲ್ಲ. ಮನೆಯಲ್ಲಿ ಒಂದರ ಮೇಲೊಂದು ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯುವುದರಿಂದಲೇ ಅಪಾಯ. ತಾಯಿಯವರನ್ನು ಕರೆದೊಯ್ದಾಗ ಹೊಟ್ಟೆನೋವಿನ ಮಾತಿಗಿಂತ ಮೊದಲು ಸ್ಟೀರಾಯ್ಡ್ ವಿಷಯವನ್ನು ಹೇಳಿ, ಮಾತ್ರೆಗಳ ಚೀಟಿಯನ್ನು ವೈದ್ಯರ ಕೈಗೆ ಕೊಡಿ. ಸ್ಟೀರಾಯ್ಡ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಹಠಾತ್ತನೆ ನಿಲ್ಲಿಸಿದರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯಬಹುದು.